ಬೂದಿಗೆರೆ ಕ್ರಾಸ್ ಬೂದಿಗೆರೆಯಲ್ಲಿಲ್ಲ: ನಾಲೆಡ್ಜ್ ಗ್ರಾಫ್ ಮತ್ತು ಆಂಟಾಲಜಿ ಎಂದರೇನು?

ಕೆಲಸದ ನಿಮಿತ್ತ ನಾವು ಒಮ್ಮೆ ಬೂದಿಗೆರೆಗೆ ಹೋಗಬೇಕಿತ್ತು. ಮೊಬೈಲಿನಲ್ಲಿ ‘ಬೂದಿಗೆರೆ’ ಎಂದು ಟೈಪ್ ಮಾಡಿ, ಮೊದಲು ಕಂಡ ಹೆಸರನ್ನೇ ಒತ್ತಿ ಕ್ಯಾಬ್ ಹತ್ತಿದೆವು. ಅದು ನಮ್ಮನ್ನು ಇಳಿಸಿದ್ದು ಹಳೆ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸಿನಲ್ಲಿ. ಸುತ್ತ ಅಪಾರ್ಟ್‌ಮೆಂಟುಗಳು, ಲಾರಿಗಳು. ಊರು ಎಲ್ಲಿ ಎಂದು ಟೀ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವರು ನಕ್ಕುಬಿಟ್ಟರು. “ಕ್ರಾಸು ಅಂದ್ರೆ ಊರಲ್ಲ ಕಣ್ರಪ್ಪ. ಊರಿಗೆ ದಾರಿ ಒಡೆಯೋ ಜಾಗ. ಮಂಡೂರು ದಾಟಿ ಇನ್ನೂ ಮುಂದಕ್ಕೆ ಹೋಗ್ಬೇಕು.” ಸುಮಾರು ಹತ್ತು ಕಿಲೋಮೀಟರ್ ಮುಂದಕ್ಕೆ! ಕ್ರಾಸ್ ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ, ಬೂದಿಗೆರೆ ಇರುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ.

ಟೀ ಅಂಗಡಿಯವರು ಹೇಳಿದ ಆ ಒಂದು ಮಾತಿನಲ್ಲಿ ಎರಡು ತಿಳಿವಳಿಕೆ ಇದೆ. ಒಂದು, ‘ಊರು’ ಮತ್ತು ‘ಕ್ರಾಸ್’ ಬೇರೆ ಬೇರೆ ಬಗೆಯ ವಸ್ತುಗಳು. ಎರಡು, ಅವುಗಳ ನಡುವೆ ಒಂದು ನಿರ್ದಿಷ್ಟ ಸಂಬಂಧ ಇದೆ: ಕ್ರಾಸಿಗೆ ಹೆಸರು ಬರುವುದು ಅದು ನಿಂತಿರುವ ಜಾಗದಿಂದಲ್ಲ, ಅಲ್ಲಿಂದ ಹೊರಡುವ ರಸ್ತೆ ತಲುಪುವ ಊರಿನಿಂದ. ನಮ್ಮಲ್ಲಿ ಬಸ್ ಹತ್ತಿ ಬೆಳೆದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಕಂಪ್ಯೂಟರಿಗೆ ಮಾತ್ರ ಹೇಳಿಕೊಡಬೇಕು. ಅದಕ್ಕೆ ಎರಡೂ ಬರೀ ಅಕ್ಷರಗಳ ಸಾಲು, ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವ ಎರಡು ಸಾಲು.

ಹೀಗೆ ಲೋಕದಲ್ಲಿ ಯಾವ ಯಾವ ಬಗೆಯ ವಸ್ತುಗಳಿವೆ, ಅವು ಒಂದಕ್ಕೊಂದು ಹೇಗೆ ಸಂಬಂಧಪಟ್ಟಿವೆ, ಯಾವ ಸಂಬಂಧ ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದಿಡುವ ವ್ಯವಸ್ಥೆಗೆ ಆಂಟಾಲಜಿ ಎನ್ನುತ್ತಾರೆ. ಆ ನಿಯಮಗಳ ಪ್ರಕಾರ ನಿಜವಾದ ಊರು, ಜನ, ಜಮೀನು, ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿದಾಗ ಸಿಗುವ ಬಲೆಯೇ ನಾಲೆಡ್ಜ್ ಗ್ರಾಫ್. ಈಗ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆ, ದೊಡ್ಡ ಕಂಪನಿ ಎಲ್ಲೆಡೆ ಈ ಮಾತು ಕೇಳಿಬರುತ್ತಿದೆ. ಎಐ ಬಂದ ಮೇಲಂತೂ ಇನ್ನೂ ಜಾಸ್ತಿ.

ಎಷ್ಟು ‘ಬೆಂಗಳೂರು ಉತ್ತರ’?

ಕ್ರಾಸಿನ ಗೊಂದಲದಲ್ಲಿ ನಮಗೆ ಒಂದು ಗಂಟೆ ದಂಡವಾಯಿತು, ಅಷ್ಟೇ. ಈಗ ಸ್ವಲ್ಪ ಕಷ್ಟದ ಉದಾಹರಣೆ ನೋಡೋಣ. ‘ಬೆಂಗಳೂರು ಉತ್ತರ’ ಎಂದರೆ ಯಾವುದು?

ಅದು ಬೆಂಗಳೂರು ನಗರ ಜಿಲ್ಲೆಯ ಒಂದು ತಾಲ್ಲೂಕು. ಅದು ಒಂದು ಲೋಕಸಭಾ ಕ್ಷೇತ್ರವೂ ಹೌದು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಎಂಬುದೊಂದಿದೆ, ಅದು ಇರುವುದು ಕೋಲಾರದಲ್ಲಿ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳಾದಾಗ ಅವುಗಳಲ್ಲಿ ಒಂದಕ್ಕೆ ಬೆಂಗಳೂರು ಉತ್ತರ ಎಂದೇ ಹೆಸರಾಯಿತು. ಅದೇ ವರ್ಷ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಜಿಲ್ಲೆ ಎಂದು ಹೆಸರಿಡಲು ತೀರ್ಮಾನಿಸಿತು. ಒಂದೇ ಹೆಸರು, ಐದು ವಸ್ತು. ಒಂದು ತಾಲ್ಲೂಕು, ಒಂದು ಚುನಾವಣಾ ಕ್ಷೇತ್ರ, ಒಂದು ವಿಶ್ವವಿದ್ಯಾಲಯ, ಒಂದು ಪಾಲಿಕೆ, ಒಂದು ಜಿಲ್ಲೆ.

‘ಬೆಂಗಳೂರು ಗ್ರಾಮಾಂತರ’ವೇನೂ ಕಡಿಮೆಯಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಬೆಂಗಳೂರು ಗ್ರಾಮಾಂತರ ಎಂಬ ಲೋಕಸಭಾ ಕ್ಷೇತ್ರವೂ ಇದೆ. ಆದರೆ ಈ ನಾಲ್ಕು ಹೆಸರಿನ ಯಾವ ವಿಧಾನಸಭಾ ಕ್ಷೇತ್ರವೂ ಆ ಲೋಕಸಭಾ ಕ್ಷೇತ್ರದಲ್ಲಿಲ್ಲ! ನಾಲ್ಕೂ ಸೇರಿರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ, ಆನೇಕಲ್, ಕುಣಿಗಲ್ ಮುಂತಾದವು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿವೆ. ‘ಬೂದಿಗೆರೆ ಬೆಂಗಳೂರು ಗ್ರಾಮಾಂತರದಲ್ಲಿದೆ, ಹಾಗಾಗಿ ಅಲ್ಲಿನವರ ಸಂಸದರು ಬೆಂಗಳೂರು ಗ್ರಾಮಾಂತರದ ಸಂಸದರು’ ಎಂದು ಯಾರಾದರೂ ತರ್ಕ ಮಾಡಿದರೆ ಕೇಳಲು ಸರಿಯಾಗಿಯೇ ಇದೆ, ಉತ್ತರ ಮಾತ್ರ ತಪ್ಪು. ಒಂದು ಎಐ ಚಾಟ್‌ಬಾಟ್ ನಮಗೆ ಕೊಟ್ಟ ಉತ್ತರವೂ ಇದೇ. ಬಹಳ ಆತ್ಮವಿಶ್ವಾಸದಿಂದ ಕೊಟ್ಟಿತು.

ಹೆಸರಿನ ಗೊಂದಲ ಊರುಗಳಿಗಷ್ಟೇ ಅಲ್ಲ. ದೇವನಹಳ್ಳಿಯ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ. ಅದು ಕಿತ್ತಳೆ, ನಿಂಬೆಗಳ ಬಳಗದ ದೊಡ್ಡ ಹಣ್ಣು. ಅದೇ ದೇವನಹಳ್ಳಿಯ ಸಂತೆಯಲ್ಲಿ ‘ಚಕ್ಕೋತ’ ಕೇಳಿದರೆ ಸೊಪ್ಪಿನವರು ಕಟ್ಟು ಸೊಪ್ಪನ್ನೂ ಕೊಟ್ಟಾರು. ಚಕ್ಕೋತ ಸೊಪ್ಪಿಗೂ ಚಕ್ಕೋತ ಹಣ್ಣಿಗೂ ಗಿಡದ ಲೆಕ್ಕದಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ. ಹುಳಿಸಾರಿಗೆ ಯಾವುದು ಬೇಕು ಎಂಬುದು ಅಡುಗೆಮನೆಯಲ್ಲಿ ಯಾರಿಗೂ ಸಮಸ್ಯೆಯಲ್ಲ. ತೋಟಗಾರಿಕೆಯ ಅಂಕಿ ಅಂಶವನ್ನು ಬರೀ ಹೆಸರಿನಿಂದ ಒಟ್ಟುಗೂಡಿಸುವ ಸಾಫ್ಟ್‌ವೇರಿಗೆ ಅದು ಸಮಸ್ಯೆ.

ಬಿನ್, ಕೋಂ: ನಮ್ಮ ಹಳೆಯ ಗ್ರಾಫ್

ನಾಲೆಡ್ಜ್ ಗ್ರಾಫಿನ ಮೂಲ ಘಟಕ ಬಹಳ ಸರಳ. ಎರಡು ಬಿಂದು, ನಡುವೆ ಒಂದು ಗೆರೆ, ಗೆರೆಯ ಮೇಲೆ ಸಂಬಂಧದ ಹೆಸರು. ಹೀಗೆ:

ಬೂದಿಗೆರೆ → ಇರುವ ತಾಲ್ಲೂಕು → ದೇವನಹಳ್ಳಿ
ದೇವನಹಳ್ಳಿ ತಾಲ್ಲೂಕು → ಇರುವ ಜಿಲ್ಲೆ → ಬೆಂಗಳೂರು ಗ್ರಾಮಾಂತರ
ಬೂದಿಗೆರೆ ಕ್ರಾಸ್ → ಹೆಸರು ಕೊಟ್ಟ ಊರು → ಬೂದಿಗೆರೆ

ಮೂರು ಭಾಗ ಇರುವುದರಿಂದ ಇದನ್ನು ಟ್ರಿಪಲ್ ಎನ್ನುತ್ತಾರೆ. (ಅಂದಹಾಗೆ, ಬೂದಿಗೆರೆಯ ‘ಗೆರೆ’ ಈ ಗೆರೆಯಲ್ಲ. ಅದು ಕೆರೆ, ಸಮಾಸವಾದಾಗ ಕಕಾರಕ್ಕೆ ಗಕಾರ ಆದೇಶವಾಗಿದೆ. ಅಕ್ಷರ ನೋಡಿ ಅರ್ಥ ಊಹಿಸುವ ಯಂತ್ರ ಎಡವಲು ಇದೂ ಒಂದು ಕಲ್ಲು.)

ಇದು ಎಲ್ಲಿಂದಲೋ ಬಂದ ಹೊಸ ವಿದ್ಯೆ ಎಂದುಕೊಂಡಿದ್ದರೆ ಮನೆಯ ಹಳೆಯ ಪಹಣಿ ತೆಗೆದು ನೋಡಿ. ‘ಮುನಿಯಪ್ಪ ಬಿನ್ ಹನುಮಪ್ಪ’, ‘ಲಕ್ಷ್ಮಮ್ಮ ಕೋಂ ನಾರಾಯಣಪ್ಪ’ ಎಂದು ಬರೆದಿರುತ್ತದೆ. ಬಿನ್ ಎಂದರೆ ಮಗ, ಅರಬ್ಬಿಯಿಂದ ಬಂದ ಪದ. ಕೋಂ ಎಂದರೆ ಹೆಂಡತಿ. ಒಂದೂರಿನಲ್ಲಿ ನಾಲ್ಕು ಜನ ಮುನಿಯಪ್ಪಂದಿರು ಇರುತ್ತಾರೆ ಎಂಬುದು ಶಾನುಭೋಗರಿಗೆ ಗೊತ್ತಿತ್ತು. ಹೆಸರೊಂದರಿಂದ ಮನುಷ್ಯ ಗುರುತಾಗುವುದಿಲ್ಲ, ಅವನನ್ನು ಇನ್ನೊಬ್ಬರಿಗೆ ಗಂಟು ಹಾಕಿದರೆ ಗುರುತಾಗುತ್ತಾನೆ ಎಂಬ ತಿಳಿವಳಿಕೆಯಿಂದಲೇ ಆ ಎರಡಕ್ಷರದ ಪದಗಳು ಅಲ್ಲಿ ಕೂತಿರುವುದು. ಒಬ್ಬ, ಸಂಬಂಧ, ಇನ್ನೊಬ್ಬ. ಟ್ರಿಪಲ್ ಎಂದರೆ ಇದೇ.

ಕಂಪ್ಯೂಟರ್ ಕಾಲದಲ್ಲೂ ಆ ಮೆಟ್ಟಿಲು ಉಳಿದಿದೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 2002ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪಹಣಿ ಸಿಗತೊಡಗಿತು. ಇವತ್ತೂ ಆನ್‌ಲೈನ್‌ನಲ್ಲಿ ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನೋಕ್, ಹಿಸ್ಸಾ ಎಂದು ಒಂದೊಂದಾಗಿ ಆರಿಸಬೇಕು. ಕೆಲವರಿಗೆ ಇದು ಕಿರಿಕಿರಿ. ಆದರೆ ಚನ್ನರಾಯಪಟ್ಟಣ ಎಂಬ ಹೋಬಳಿ ದೇವನಹಳ್ಳಿಯಲ್ಲಿದೆ, ಅದೇ ಹೆಸರಿನ ತಾಲ್ಲೂಕು ಹಾಸನದಲ್ಲಿದೆ ಎಂಬುದನ್ನು ನೆನೆದರೆ ಆ ಮೆಟ್ಟಿಲುಗಳ ಬೆಲೆ ತಿಳಿಯುತ್ತದೆ.

ಹಾಗಾದರೆ ಆಂಟಾಲಜಿಯ ಕೆಲಸವೇನು?

ಗೆರೆ ಎಳೆಯುವುದು ಗ್ರಾಫ್. ಯಾವ ಗೆರೆಯನ್ನು ಎಳೆಯಬಹುದು, ಎಳೆದ ಗೆರೆಯಿಂದ ಏನನ್ನು ತರ್ಕಿಸಬಹುದು ಎಂದು ಹೇಳುವುದು ಆಂಟಾಲಜಿ.

‘ಗ್ರಾಮ ತಾಲ್ಲೂಕಿನಲ್ಲಿದ್ದು, ತಾಲ್ಲೂಕು ಜಿಲ್ಲೆಯಲ್ಲಿದ್ದರೆ, ಗ್ರಾಮವೂ ಆ ಜಿಲ್ಲೆಯಲ್ಲಿದೆ’ ಎಂದು ಒಮ್ಮೆ ನಿಯಮ ಬರೆದರೆ ಸಾಕು. ಪ್ರತಿ ಹಳ್ಳಿಗೂ ಜಿಲ್ಲೆಯ ಹೆಸರನ್ನು ಬೇರೆಯಾಗಿ ಬರೆಯಬೇಕಿಲ್ಲ, ಕಂಪ್ಯೂಟರ್ ತಾನೇ ಕಂಡುಕೊಳ್ಳುತ್ತದೆ. ಹಾಗೆಯೇ ‘ಲೋಕಸಭಾ ಕ್ಷೇತ್ರವನ್ನು ಜಿಲ್ಲೆಯಿಂದ ತರ್ಕಿಸಬೇಡ, ವಿಧಾನಸಭಾ ಕ್ಷೇತ್ರದ ಮೂಲಕ ಹೋಗು’ ಎಂದೂ ಬರೆಯಬೇಕು. ಆಗ ಬೂದಿಗೆರೆಯವರ ಸಂಸದರ ಪ್ರಶ್ನೆಗೆ ಸರಿ ಉತ್ತರ ಬರುತ್ತದೆ. ‘ಜಿಲ್ಲೆ’ ಮತ್ತು ‘ಲೋಕಸಭಾ ಕ್ಷೇತ್ರ’ ಬೇರೆ ಬೇರೆ ವರ್ಗ, ಒಂದು ವಸ್ತು ಎರಡೂ ಆಗಲಾರದು ಎಂದು ಬರೆದಿಟ್ಟರೆ, ಹೆಸರು ಒಂದೇ ಎಂಬ ಕಾರಣಕ್ಕೆ ಯಾರಾದರೂ ಅವೆರಡನ್ನೂ ಬೆಸೆಯಲು ಹೋದಾಗ ಸಾಫ್ಟ್‌ವೇರ್ ‘ಇಲ್ಲಿ ವಿರೋಧಾಭಾಸವಿದೆ’ ಎಂದು ಕೂಗುತ್ತದೆ.

ಕಾಲವನ್ನೂ ಬರೆಯಬೇಕು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಆದದ್ದು 1986ರಲ್ಲಿ. 2007ರಲ್ಲಿ ಅದರಿಂದ ರಾಮನಗರ ಜಿಲ್ಲೆ ಬೇರೆಯಾಯಿತು. 2025ರಲ್ಲಿ ರಾಮನಗರ ಜಿಲ್ಲೆಯೇ ಬೆಂಗಳೂರು ದಕ್ಷಿಣ ಆಯಿತು. ಹಾಗಾಗಿ ‘ಕನಕಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಎಂದು 2005ರ ಕಾಗದದಲ್ಲಿದ್ದರೆ ಅದು ತಪ್ಪಲ್ಲ; ಆ ಗೆರೆಯ ಅವಧಿ ಮುಗಿದಿದೆ ಅಷ್ಟೇ. ಇದನ್ನು ಅರಿಯದೆ ಹಳೆಯ ದಾಖಲೆಯನ್ನು ‘ತಿದ್ದುವ’ ಸಾಫ್ಟ್‌ವೇರ್, ಕ್ರಯಪತ್ರ ಹಿಡಿದು ಓಡಾಡುವವರಿಗೆ ಹೊಸ ತಲೆನೋವು ತಂದಿಡುತ್ತದೆ.

ಮಂಗಳೂರಿನ ಗಣಿತ ಮೇಷ್ಟ್ರು

ಈ ವಿಷಯದ ಇತಿಹಾಸ ಹೇಳುವವರು ಸಾಮಾನ್ಯವಾಗಿ ಅಮೆರಿಕದಿಂದ ಶುರುಮಾಡುತ್ತಾರೆ. 1984ರಲ್ಲಿ ಡಗ್ಲಸ್ ಲೆನಾಟ್ ಆರಂಭಿಸಿದ ಸೈಕ್ ಯೋಜನೆ, 1993ರಲ್ಲಿ ಟಾಮ್ ಗ್ರೂಬರ್ ಕೊಟ್ಟ ವ್ಯಾಖ್ಯೆ, 2001ರಲ್ಲಿ ಟಿಮ್ ಬರ್ನರ್ಸ್ ಲೀ ಮತ್ತು ಸಂಗಡಿಗರು ಮುಂದಿಟ್ಟ ಸೆಮ್ಯಾಂಟಿಕ್ ವೆಬ್ ಕಲ್ಪನೆ, 2012ರ ಮೇ ತಿಂಗಳಲ್ಲಿ ಗೂಗಲ್ ತನ್ನ ಹುಡುಕಾಟಕ್ಕೆ ಸೇರಿಸಿದ ನಾಲೆಡ್ಜ್ ಗ್ರಾಫ್. ನಾಲೆಡ್ಜ್ ಗ್ರಾಫ್ ಎಂಬ ಹೆಸರು ಮನೆಮಾತಾದದ್ದು ಈ ಕೊನೆಯದರಿಂದ. ಅದೇ ವರ್ಷ ಅಕ್ಟೋಬರಿನಲ್ಲಿ ವಿಕಿಡೇಟಾ ಬಂತು. ಅಲ್ಲಿ ಬೆಂಗಳೂರಿನ ಗುರುತು ಕ್ಯೂ1355. ಬೆಂಗಳೂರು ಎನ್ನಿ, ಬ್ಯಾಂಗಲೋರ್ ಎನ್ನಿ, ಗುರುತು ಬದಲಾಗುವುದಿಲ್ಲ.

ನಮಗೆ ಈ ಕತೆಯನ್ನು ಇನ್ನೂ ಹಿಂದಿನಿಂದ, ಹತ್ತಿರದಿಂದ ಹೇಳಬೇಕೆನಿಸುತ್ತದೆ. ಎಸ್. ಆರ್. ರಂಗನಾಥನ್ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ತರಬೇತಿಗೆ ಲಂಡನ್ನಿಗೆ ಹೋದರು. ಅಲ್ಲಿ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೋ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ಬೋಲ್ಟುಗಳಿಂದ ಬೇಕಾದ್ದನ್ನು ಕಟ್ಟಬಹುದಾದರೆ ಪುಸ್ತಕದ ವಿಷಯವನ್ನೂ ಹಾಗೇಕೆ ಕಟ್ಟಬಾರದು ಎಂದು ಅವರಿಗೆ ಹೊಳೆಯಿತು. ಆವರೆಗೆ ವರ್ಗೀಕರಣವೆಂದರೆ ಮೊದಲೇ ಮಾಡಿಟ್ಟ ಗೂಡುಗಳು. ಪುಸ್ತಕವನ್ನು ಯಾವುದಾದರೂ ಒಂದು ಗೂಡಿಗೆ ತುರುಕಬೇಕು. 1933ರಲ್ಲಿ ಹೊರಬಂದ ಅವರ ಕೋಲನ್ ವರ್ಗೀಕರಣ ವಿಷಯವನ್ನು ಮುಖಗಳಾಗಿ ಬಿಡಿಸಿತು. ವಸ್ತು ಯಾವುದು, ಯಾವುದರಿಂದ ಆದದ್ದು, ಏನು ನಡೆಯುತ್ತಿದೆ, ಎಲ್ಲಿ, ಯಾವಾಗ ಎಂಬಂಥ ಐದು ಮೂಲ ಮುಖಗಳು. ‘ಎಲ್ಲಿ’ ಮತ್ತು ‘ಯಾವಾಗ’ ಅಲ್ಲಿ ಸ್ವತಂತ್ರ ಮುಖಗಳು ಎಂಬುದನ್ನು ಗಮನಿಸಿ. ಕನಕಪುರ ಯಾವ ಜಿಲ್ಲೆ ಎಂಬ ನಮ್ಮ ಪ್ರಶ್ನೆಗೆ ಬೇಕಾದದ್ದೂ ಅದೇ.

ರಂಗನಾಥನ್ ಬದುಕಿನ ಕೊನೆಯ ಭಾಗವನ್ನು ಬೆಂಗಳೂರಿನಲ್ಲಿ ಕಳೆದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು 1962ರಲ್ಲಿ ಕಟ್ಟಿದ ಡಿಆರ್‌ಟಿಸಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೈಸೂರು ರಸ್ತೆಯ ಆವರಣದಲ್ಲಿ ಈಗಲೂ ಇದೆ. ಅಲ್ಲಿನ ಬಿಸ್ವನಾಥ್ ದತ್ತಾ ಅವರು ಅಮೆರಿಕದ ಮೈಕೆಲ್ ಡಿಬೆಲ್ಲಿಸ್ ಜೊತೆ ಸೇರಿ 2020ರಲ್ಲಿ ಕೋಡೋ ಎಂಬ ಕೋವಿಡ್ ಆಂಟಾಲಜಿಯನ್ನು ರಚಿಸಿದರು.

ಅದರ ಅಗತ್ಯವೇನಿತ್ತು ಎಂದು ತಿಳಿಯಲು 2020ರ ಏಪ್ರಿಲ್, ಮೇ ತಿಂಗಳ ಸಂಜೆಗಳನ್ನು ನೆನಪಿಸಿಕೊಳ್ಳಿ. ರಾಜ್ಯದ ಆರೋಗ್ಯ ಇಲಾಖೆಯ ಬುಲೆಟಿನ್ ಬಂದೊಡನೆ ಎಲ್ಲರ ವಾಟ್ಸ್‌ಆ್ಯಪಿಗೂ ಬರುತ್ತಿತ್ತು. ಪ್ರತಿ ರೋಗಿಗೂ ಒಂದು ‘ಪಿ’ ಸಂಖ್ಯೆ; ಪಕ್ಕದಲ್ಲಿ ‘ಪಿ-ಇಂತಿಷ್ಟರ ಸಂಪರ್ಕ’ ಎಂದೋ, ಪ್ರಯಾಣದ ಹಿನ್ನೆಲೆ ಎಂದೋ ಇರುತ್ತಿತ್ತು. ನಂಜನಗೂಡಿನ ಔಷಧ ಕಾರ್ಖಾನೆಯ ಸರಪಳಿಯನ್ನು ಜನ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. ಗೊತ್ತಿಲ್ಲದೆಯೇ ಇಡೀ ರಾಜ್ಯ ಗ್ರಾಫ್ ಓದುತ್ತಿತ್ತು! ಸೋಂಕಿತರು ಕೆಲವೇ ನೂರು ಇದ್ದಾಗ ಕಣ್ಣಲ್ಲೇ ಗೆರೆ ಎಳೆಯಬಹುದಿತ್ತು. ಸಾವಿರ ದಾಟಿದ ಮೇಲೆ ಕೋಷ್ಟಕದ ಸಾಲುಗಳಲ್ಲಿ ಸರಪಳಿ ಕಾಣಿಸಲಿಲ್ಲ. ಕೋಡೋ ತಂಡ ಬೇರೆ ಬೇರೆ ಕೋಷ್ಟಕಗಳಲ್ಲಿದ್ದ ಭಾರತದ ಸರ್ಕಾರಿ ದತ್ತಾಂಶವನ್ನು ರೋಗಿ, ಊರು, ದಿನಾಂಕ, ಸಂಪರ್ಕ, ನೆಂಟಸ್ತಿಕೆ ಎಂಬ ಗೆರೆಗಳಾಗಿ ಬಿಡಿಸಿ, ಕೆಲವೇ ತಿಂಗಳಲ್ಲಿ ಸುಮಾರು 50 ಲಕ್ಷ ಟ್ರಿಪಲ್‌ಗಳ ಗ್ರಾಫ್ ಕಟ್ಟಿತು. ಆಗ ‘ಈ ರೋಗಿಯಿಂದ ಶುರುವಾದ ಸರಪಳಿ ಎಲ್ಲಿಯವರೆಗೆ ಹೋಯಿತು’ ಎಂಬುದು ಕೇಳಬಹುದಾದ ಪ್ರಶ್ನೆಯಾಯಿತು.

ಡೇರಿಯಲ್ಲಿ ‘ಸದಸ್ಯ’ ಯಾರು?

ಕಂಪನಿಗಳಿಗೆ ಇದು ಏಕೆ ಬೇಕು ಎಂಬುದಕ್ಕೆ ಐಟಿ ಪಾರ್ಕಿನ ಉದಾಹರಣೆ ಬೇಡ, ಹಳ್ಳಿಯ ಹಾಲಿನ ಡೇರಿಯೇ ಸಾಕು. ಸಂಘದ ಪುಸ್ತಕದಲ್ಲಿ ಸದಸ್ಯನ ಹೆಸರು ಇರುತ್ತದೆ, ಅದು ಬಹಳ ಸಲ ಗಂಡನದ್ದು. ಬೆಳಗ್ಗೆ ಕ್ಯಾನು ಹಿಡಿದು ಬಂದು ಹಾಲು ಅಳೆಸುವವಳು ಹೆಂಡತಿ. ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆ ಇದೆ, ಪಶುವೈದ್ಯರ ಲೆಕ್ಕ ನಡೆಯುವುದು ಅದರ ಮೇಲೆ. ವಿಮೆ ಹಸುವಿನ ಮಾಲೀಕರ ಹೆಸರಿಗೆ, ಹಾಲಿನ ದುಡ್ಡು ಬ್ಯಾಂಕ್ ಖಾತೆಗೆ. ಪ್ರತಿ ವಿಭಾಗದ ಕಂಪ್ಯೂಟರಿನಲ್ಲೂ ಅದರದೇ ಪಟ್ಟಿ ಇದೆ, ಪ್ರತಿ ಪಟ್ಟಿಯೂ ಅದರ ಮಟ್ಟಿಗೆ ಸರಿಯಾಗಿದೆ.

ಈಗ ಯಾರೋ ಕೇಳುತ್ತಾರೆ: ‘ಹೋದ ತಿಂಗಳು ಹಾಲು ಹಾಕಿದವರ ಹಸುಗಳಲ್ಲಿ ಯಾವುದಕ್ಕೆ ಕಾಲುಬಾಯಿ ಲಸಿಕೆ ಬಾಕಿ ಇದೆ?’ ಸದಸ್ಯ, ಹಾಲು ಹಾಕುವವರು, ಮಾಲೀಕರು ಒಬ್ಬರೇ ಎಂದುಕೊಂಡು ಪಟ್ಟಿಗಳನ್ನು ಬೆಸೆದರೆ ಉತ್ತರ ತಪ್ಪುತ್ತದೆ. ಇವು ಮೂರು ಬೇರೆ ಪಾತ್ರಗಳು, ಒಬ್ಬರೇ ಮೂರೂ ಆಗಿರಬಹುದು, ಆಗಿರಲೇಬೇಕೆಂದಿಲ್ಲ ಎಂದು ಮೊದಲು ಒಪ್ಪಬೇಕು. ಆಂಟಾಲಜಿ ಕಟ್ಟುವವರು ಕೆಲಸ ಶುರುಮಾಡುವುದೇ ಹೀಗೆ. ಈ ವ್ಯವಸ್ಥೆ ಯಾವ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ಪಟ್ಟಿ ಮಾಡುತ್ತಾರೆ, ಆ ಪ್ರಶ್ನೆಗಳ ಒಂದೊಂದು ಪದವನ್ನೂ ಹಿಡಿದು ‘ಇದರ ಅರ್ಥವೇನು’ ಎಂದು ಬಳಸುವವರನ್ನು ಕೇಳುತ್ತಾರೆ. ಸಾಫ್ಟ್‌ವೇರ್ ಬರುವುದು ಆಮೇಲೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಜನರೊಂದಿಗಿನ ಈ ಜಗ್ಗಾಟವೇ. ಮಾರಾಟ ವಿಭಾಗದವರ ‘ಗ್ರಾಹಕ’ ಬೇರೆ, ಬಿಲ್ಲಿಂಗ್‌ನವರ ‘ಗ್ರಾಹಕ’ ಬೇರೆ ಎಂದು ಮೊದಲ ಸಲ ಗೊತ್ತಾಗುವುದು ಹಲವು ಕಂಪನಿಗಳಿಗೆ ಇಂಥ ಸಭೆಯಲ್ಲೇ.

‘ಎಐಗೆ ಎಲ್ಲ ಕೊಟ್ಟುಬಿಟ್ಟರೆ ಅದೇ ಅರ್ಥ ಮಾಡಿಕೊಳ್ಳುತ್ತದೆ’

ಇದು ಈಗ ಬಹಳ ಕೇಳಿಬರುವ ನಂಬಿಕೆ. ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿಗಳು ಅಪಾರ ಪಠ್ಯದಿಂದ ಕಲಿಯುವುದು, ಇಂಥ ಪದಗಳ ನಂತರ ಎಂಥ ಪದ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು. ಹಾಗೆ ಕಲಿತೇ ಅವು ಆಶ್ಚರ್ಯಪಡುವಷ್ಟು ಮಾಡುತ್ತವೆ, ಅದನ್ನು ಅಲ್ಲಗಳೆಯಲಾಗದು. ಆದರೆ ‘ಬೂದಿಗೆರೆ ಕ್ರಾಸ್’ ಎಂಬ ಎರಡು ಪದ ಮನೆ ಮಾರಾಟದ ಜಾಹೀರಾತುಗಳಲ್ಲಿ ತುಂಬಿಹೋಗಿವೆ, ಬೂದಿಗೆರೆ ಎಂಬ ಊರಿನ ಬಗ್ಗೆ ಬರೆದದ್ದು ಅಷ್ಟಿಲ್ಲ. ಹೆಚ್ಚು ಬರೆದದ್ದರ ಕಡೆಗೆ ಉತ್ತರ ವಾಲುತ್ತದೆ.

ಅದಕ್ಕೇ ಉತ್ತರ ಕೊಡುವ ಮುನ್ನ ಭಾಷಾ ಮಾದರಿ ಒಂದು ನಾಲೆಡ್ಜ್ ಗ್ರಾಫನ್ನು ಕೇಳುವಂತೆ ಮಾಡುವ ವಿಧಾನಗಳು ಬಂದಿವೆ. ಮೈಕ್ರೋಸಾಫ್ಟ್ ರಿಸರ್ಚ್‌ನವರು 2024ರಲ್ಲಿ ಪ್ರಕಟಿಸಿದ ಗ್ರಾಫ್‌ರ‍್ಯಾಗ್ ಇವುಗಳಲ್ಲಿ ಹೆಸರಾದದ್ದು. ಅದು ಕೊಟ್ಟ ಪಠ್ಯದಿಂದಲೇ ಮಾದರಿಯ ಸಹಾಯದಿಂದ ಗ್ರಾಫ್ ಕಟ್ಟಿಕೊಂಡು, ಅದರ ಮೇಲೆ ಉತ್ತರ ಹುಡುಕುತ್ತದೆ. ಇದರಿಂದ ಉತ್ತರ ಎಲ್ಲಿಂದ ಬಂತು ಎಂದು ಗೆರೆ ಹಿಡಿದು ಹಿಂದಕ್ಕೆ ಹೋಗಬಹುದು. ಅದು ದೊಡ್ಡ ಲಾಭ. ಆದರೆ ಗ್ರಾಫ್ ಇದೆ ಎಂದ ಮಾತ್ರಕ್ಕೆ ಉತ್ತರ ಸರಿ ಎಂದೇನಿಲ್ಲ. ಗೆರೆಯೇ ತಪ್ಪಿದ್ದರೆ? ತಪ್ಪು ಗೆರೆಯಿಂದ ಹೊರಟ ತರ್ಕ ಅಷ್ಟೇ ಅಚ್ಚುಕಟ್ಟಾಗಿ ತಪ್ಪು ಜಾಗಕ್ಕೆ ತಲುಪಿಸುತ್ತದೆ.

‘ಇವರೇ ಅವರು’ ಎಂಬ ಗೆರೆ

ಇಡೀ ವಿದ್ಯೆಯಲ್ಲಿ ಅತಿ ಅಪಾಯದ ಗೆರೆ ಯಾವುದು ಎಂದು ಕೇಳಿದರೆ, ನಮ್ಮ ಉತ್ತರ: ‘ಇವೆರಡೂ ಒಂದೇ’ ಎಂಬ ಗೆರೆ. ಒಂದು ಪಟ್ಟಿಯ ಲಕ್ಷ್ಮಮ್ಮ ಮತ್ತು ಇನ್ನೊಂದು ಪಟ್ಟಿಯ ಲಕ್ಷ್ಮಮ್ಮ ಒಬ್ಬರೇ ಎಂದು ಕಂಪ್ಯೂಟರ್ ಬೆಸೆದ ಕ್ಷಣ, ಒಬ್ಬರ ಆಸ್ತಿ, ಸಾಲ, ವಾಹನ, ವಯಸ್ಸು ಎಲ್ಲವೂ ಇನ್ನೊಬ್ಬರ ತಲೆಗೆ ಬರುತ್ತವೆ.

ಪಕ್ಕದ ತೆಲಂಗಾಣದಲ್ಲಿ ಇದು ನಡೆದಿದೆ. ಅಲ್ಲಿನ ಸರ್ಕಾರದ ಸಮಗ್ರ ವೇದಿಕ ಎಂಬ ವ್ಯವಸ್ಥೆ ಹಲವು ಇಲಾಖೆಗಳ ದಾಖಲೆಗಳನ್ನು ಹೆಸರು, ವಿಳಾಸಗಳ ಹೋಲಿಕೆಯಿಂದ ಬೆಸೆದು, ಪಡಿತರಕ್ಕೆ ಯಾರು ಅನರ್ಹರು ಎಂದು ಗುರುತಿಸುತ್ತಿತ್ತು. ಹೈದರಾಬಾದಿನಲ್ಲಿ ರಿಕ್ಷಾ ತುಳಿದು ಬದುಕಿ ತೀರಿಹೋದ ಒಬ್ಬರನ್ನು ಅದು ಹೆಚ್ಚುಕಡಿಮೆ ಅದೇ ಹೆಸರಿನ ಕಾರು ಮಾಲೀಕರೊಂದಿಗೆ ಬೆಸೆಯಿತು. ಅವರ ವಿಧವೆಗೆ ಪಡಿತರ ಚೀಟಿ ಸಿಗಲಿಲ್ಲ. ಅವರು ವರ್ಷಗಟ್ಟಲೆ ಅಲೆದರು. 2024ರಲ್ಲಿ ಪತ್ರಿಕಾ ತನಿಖೆಯೊಂದು ಇದನ್ನು ಬಯಲಿಗೆ ತಂದಿತು. ತೆಲಂಗಾಣದಲ್ಲಿ ರದ್ದಾದ ಪಡಿತರ ಚೀಟಿಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿತ್ತು.

ಬೆಸೆಯುವ ತಪ್ಪಿಗೆ ಎದುರಾದದ್ದು ಒಡೆಯುವ ತಪ್ಪು. ಹೆಣ್ಣುಮಕ್ಕಳ ದಾಖಲೆಯಲ್ಲಿ ಇದು ಹೆಚ್ಚು. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು, ಪಹಣಿಯಲ್ಲಿ ‘ಕೋಂ’ ಎಂದು ಗಂಡನ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್. ಇಂಗ್ಲಿಷಿನ ಕಾಗುಣಿತವೋ, ಕೇಂದ್ರದಲ್ಲಿ ಕೂತವರು ಅವತ್ತು ಹೇಗೆ ಟೈಪ್ ಮಾಡಿದರೋ ಹಾಗೆ. ಒಬ್ಬಳೇ ಹೆಂಗಸು ಕಂಪ್ಯೂಟರಿನ ಕಣ್ಣಿಗೆ ಮೂರು ಜನ. ಎರಡು ತಪ್ಪಿನಲ್ಲಿ ಯಾವುದನ್ನು ಕಡಿಮೆ ಮಾಡಬೇಕು ಎಂಬುದನ್ನು ಕಟ್ಟುವವರು ಆರಿಸಲೇಬೇಕಾಗುತ್ತದೆ, ಏಕೆಂದರೆ ಹೋಲಿಕೆಯ ಮಿತಿಯನ್ನು ಸಡಿಲ ಮಾಡಿದರೆ ಒಂದು ಹೆಚ್ಚುತ್ತದೆ, ಬಿಗಿ ಮಾಡಿದರೆ ಇನ್ನೊಂದು. ಅಕ್ಕಿ ಕೊಡುವ ವ್ಯವಸ್ಥೆಯಲ್ಲಿ ಬೆಸೆಯುವ ಗೆರೆಯನ್ನು ಯಂತ್ರ ತಾನಾಗಿ ಎಳೆಯಬಾರದು, ಆ ಮನುಷ್ಯರನ್ನು ಕೇಳಿಯೇ ಎಳೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಜಾಹೀರಾತು ತೋರಿಸುವ ವ್ಯವಸ್ಥೆಯಾದರೆ ತಪ್ಪಿದರೂ ಯಾರೂ ಹಸಿದು ಕೂರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸಾಮಾನ್ಯ ಡೇಟಾಬೇಸು, ತನ್ನಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ತಿಳಿಯುತ್ತದೆ. ಬಸ್ಸಿನ ಟಿಕೆಟಿಗೆ ಇದು ಸರಿ: ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಸೀಟಿಲ್ಲ. ಆಂಟಾಲಜಿಗಳಿಗಾಗಿ 2004ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಔಲ್ ಎಂಬ ಭಾಷೆ ಹಾಗೆ ತಿಳಿಯುವುದಿಲ್ಲ. ಅದರ ಮಟ್ಟಿಗೆ ದಾಖಲೆ ಇಲ್ಲ ಎಂದರೆ ‘ಗೊತ್ತಿಲ್ಲ’ ಎಂದಷ್ಟೇ ಅರ್ಥ, ‘ಅಲ್ಲ’ ಎಂದಲ್ಲ.

ಈ ವ್ಯತ್ಯಾಸ ಬೂದಿಗೆರೆಯಂಥ ಊರಿನಲ್ಲಿ ಎಷ್ಟು ಮುಖ್ಯ ಎಂಬುದಕ್ಕೆ ‘ರೈತ’ ಎಂಬ ಪದವನ್ನೇ ನೋಡಿ. ಪಹಣಿಯ 9ನೇ ಕಾಲಂ ಮಾಲೀಕರದ್ದು, 12ನೇ ಕಾಲಂ ಸಾಗುವಳಿಯದ್ದು. ಎರಡು ಕಾಲಂ ಮಾಡಿದವರಿಗೆ ಮಾಲೀಕ ಬೇರೆ, ಉಳುವವ ಬೇರೆ ಇರಬಹುದು ಎಂಬ ಅರಿವಿತ್ತು. ರಾಜ್ಯದ ಫ್ರೂಟ್ಸ್ ತಂತ್ರಾಂಶ ರೈತರಿಗೆ ಎಫ್‌ಐಡಿ ಎಂಬ ಸಂಖ್ಯೆ ಕೊಟ್ಟು, ಆಧಾರ್ ಮತ್ತು ಪಹಣಿಗಳನ್ನು ಜೋಡಿಸುತ್ತದೆ. ಒಂದೊಂದು ಯೋಜನೆಗೂ ಹೊಸದಾಗಿ ಕಾಗದ ಹೊರುವುದು ಇದರಿಂದ ತಪ್ಪಿದೆ, ಅದು ಸಣ್ಣ ಉಪಕಾರವಲ್ಲ. ಕೇಂದ್ರದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಸಿಗುವುದು ಜಮೀನಿನ ಹಿಡುವಳಿ ಇರುವ ಕುಟುಂಬಗಳಿಗೆ. ಹಾಗಾದರೆ ಇನ್ನೊಬ್ಬರ ಜಮೀನನ್ನು ವಾರಕ್ಕೆ ಮಾಡುವವರು? ಮಾವನ ಹೆಸರಿನಲ್ಲೇ ಉಳಿದಿರುವ, ಪೌತಿ ಖಾತೆಯಾಗದ ಹೊಲದಲ್ಲಿ ಇಪ್ಪತ್ತು ವರ್ಷದಿಂದ ರಾಗಿ ಬೆಳೆಯುತ್ತಿರುವ ಸೊಸೆ? ಗ್ರಾಫಿನಲ್ಲಿ ಅವಳಿಂದ ಆ ಹೊಲಕ್ಕೆ ಗೆರೆಯೇ ಇಲ್ಲ. ಮಾವ ತೀರಿಕೊಂಡಿದ್ದರೂ ಅವರಿಗೆ ಇದೆ. ‘ರೈತ’ ಎಂಬ ವರ್ಗಕ್ಕೆ ಆಂಟಾಲಜಿಯಲ್ಲಿ ಏನು ವ್ಯಾಖ್ಯೆ ಬರೆದರು ಎಂಬುದು ಅವಳ ಮಟ್ಟಿಗೆ ತಾಂತ್ರಿಕ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನಿಮ್ಮ ದಾಖಲೆ ತಪ್ಪಾಗಿ ಬೆಸೆದಿದ್ದರೆ?

ಮೊದಲು ಮಾಡಬೇಕಾದ್ದು, ಯಾವ ಗೆರೆ ತಪ್ಪಿದೆ ಎಂದು ಹುಡುಕುವುದು. ನಿಮ್ಮ ಎಫ್‌ಐಡಿಗೆ ಯಾವ ಸರ್ವೆ ನಂಬರುಗಳು ಸೇರಿವೆ ಎಂಬುದನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ನೋಡಬಹುದು. ಬಿಟ್ಟುಹೋಗಿರುವುದೂ ತಪ್ಪೇ, ನಿಮ್ಮದಲ್ಲದ್ದು ಸೇರಿರುವುದೂ ತಪ್ಪೇ. ಪಹಣಿಯಲ್ಲೇ ಹೆಸರು ತಪ್ಪಿದ್ದರೆ ಅಥವಾ ತೀರಿಕೊಂಡವರ ಹೆಸರೇ ಇದ್ದರೆ ಅದು ಕಂದಾಯ ಇಲಾಖೆಯ ಕೆಲಸ, ತಾಲ್ಲೂಕು ಕಚೇರಿ ಅಥವಾ ನಾಡಕಚೇರಿಗೆ ಅರ್ಜಿ ಕೊಡಬೇಕು. ಒಂದು ಇಲಾಖೆಯಲ್ಲಿ ತಿದ್ದಿದ್ದು ಇನ್ನೊಂದು ಕಡೆ ತಾನಾಗಿ ತಿದ್ದಿಹೋಗುತ್ತದೆ ಎಂದುಕೊಂಡು ಸುಮ್ಮನಿರಬೇಡಿ, ಎರಡೂ ಕಡೆ ನೋಡಿ.

ಯೋಜನೆಯೊಂದರಿಂದ ನಿಮ್ಮನ್ನು ಕೈಬಿಟ್ಟಿದ್ದು ‘ಸಿಸ್ಟಂನಲ್ಲಿ ಹಾಗೆ ತೋರಿಸುತ್ತಿದೆ’ ಎಂಬ ಉತ್ತರ ಮಾತ್ರ ಸಿಕ್ಕರೆ, ಕಾರಣವನ್ನು ಬರಹದಲ್ಲಿ ಕೇಳಿ. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಂ ಪ್ರಕಾರ ಸರ್ಕಾರಿ ಕಚೇರಿ ತನ್ನ ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಅದರಿಂದ ಬಾಧಿತರಾದವರಿಗೆ ಕೊಡಬೇಕು. ಅರ್ಜಿಯಲ್ಲಿ ಎರಡು ಪ್ರಶ್ನೆ ನಿರ್ದಿಷ್ಟವಾಗಿರಲಿ: ನನ್ನ ಹೆಸರನ್ನು ಯಾವ ಇಲಾಖೆಯ ಯಾವ ದಾಖಲೆಗೆ ಜೋಡಿಸಿದ್ದೀರಿ? ಆ ದಾಖಲೆಯಲ್ಲಿರುವ ವ್ಯಕ್ತಿ ನಾನೇ ಎಂದು ಯಾವ ಆಧಾರದಿಂದ ತೀರ್ಮಾನಿಸಿದಿರಿ?